ಒಂಬತ್ತನೇ ಕ್ಲಾಸ್ ನಪಾಸಾದ ಮಗ: ‘ಟಿ.ಸಿ. ತಗೊಂಡರೆ ಪಾಸ್’ ಅಂತಾರೆ, ಏನು ಮಾಡಲಿ?

ಕೇಳಿದವರು: ಕಲಬುರಗಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಲಬುರಗಿಯ ಹುಮನಾಬಾದ್ ಬೇಸ್ ಹತ್ತಿರ. ಮನೆಯವರು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸ್ ಮುಗಿಸಿದ. ಮೊನ್ನೆ ರಿಸಲ್ಟ್ ಕೊಟ್ಟರು. ನೂರಕ್ಕೆ ಗಣಿತದಲ್ಲಿ 24, ವಿಜ್ಞಾನದಲ್ಲಿ 29. ಉಳಿದ ಎಲ್ಲದರಲ್ಲೂ ಪಾಸ್.

ಮುಖ್ಯಗುರುಗಳು ನಮ್ಮಿಬ್ಬರನ್ನೂ ಕರೆಸಿದರು. ಇದೇ ಶಾಲೆಯಲ್ಲಿ ಇರುವುದಾದರೆ ಮತ್ತೆ ಒಂಬತ್ತಕ್ಕೇ ಕೂರಬೇಕು ಅಂದರು. ಟಿ.ಸಿ. ತಗೊಂಡು ಬೇರೆ ಕಡೆ ಹೋಗುವುದಾದರೆ ಪಾಸ್ ಅಂತ ಬರೆದು ಕೊಡುತ್ತಾರಂತೆ. ಈ ತಿಂಗಳ ಕೊನೆಯೊಳಗೆ ಹೇಳಬೇಕು. ಒಂದು ಅರ್ಜಿಯನ್ನೂ ಕೈಗೆ ಕೊಟ್ಟಿದ್ದಾರೆ. ‘ನಮ್ಮ ಸ್ವಂತ ಇಚ್ಛೆಯಿಂದ ಟಿ.ಸಿ. ಕೇಳುತ್ತಿದ್ದೇವೆ’ ಅಂತ ಅದರಲ್ಲಿ ಮೊದಲೇ ಟೈಪ್ ಮಾಡಿದೆ, ನಾವು ಸಹಿ ಹಾಕುವುದಷ್ಟೇ ಬಾಕಿ.

ಅದೇ ಹುಡುಗ, ಅದೇ ಮಾರ್ಕ್ಸು. ಗೇಟಿನ ಒಳಗಿದ್ದರೆ ಫೇಲ್, ಹೊರಗೆ ಹೋದರೆ ಪಾಸ್ ಅಂದರೆ ಹೇಗೆ ಅಂತ ನನಗೆ ಅರ್ಥವೇ ಆಗುತ್ತಿಲ್ಲ. ಮನೆಯವರು ‘ಒಂದು ವರ್ಷ ಯಾಕೆ ಹಾಳು ಮಾಡೋದು, ಟಿ.ಸಿ. ತಗೊಳ್ಳೋಣ’ ಅಂತಾರೆ. ನನ್ನ ಅಣ್ಣ ‘ಬುನಾದಿ ಗಟ್ಟಿ ಆಗಲಿ, ಅಲ್ಲೇ ಕೂರಲಿ’ ಅಂತಾನೆ. ಮಗ ಎರಡು ದಿನದಿಂದ ಯಾರ ಜೊತೆಯೂ ಮಾತಾಡುತ್ತಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಏನು ಮಾಡಿದಿರಿ, ಆಮೇಲೆ ಏನಾಯಿತು ಅಂತ ದಯವಿಟ್ಟು ಹೇಳಿ.

ಶಹಾಪುರದ ನಿವೃತ್ತ ಮುಖ್ಯಗುರು

ತಂಗಿ, ಮೊದಲು ಆ ಅರ್ಜಿಗೆ ಸಹಿ ಹಾಕಬೇಡ. ಉಳಿದದ್ದು ಆಮೇಲೆ.

ನಾನು ಈಗಿನ ಯಾದಗಿರಿ ಜಿಲ್ಲೆಯಲ್ಲಿ 31 ವರ್ಷ ಪಾಠ ಮಾಡಿದವನು. ಕೊನೆಯ ಹನ್ನೊಂದು ವರ್ಷ ಮುಖ್ಯಗುರು. ಏಪ್ರಿಲ್‌ನಲ್ಲಿ ಯಾರು ಪಾಸು, ಯಾರು ನಪಾಸು ಅಂತ ತೀರ್ಮಾನ ಮಾಡುವ ಮೀಟಿಂಗ್‌ಗಳಲ್ಲಿ ಕೂತು ನಾನೇ ಸಹಿ ಹಾಕಿದ್ದೇನೆ. ಅದಕ್ಕೆ ಸ್ವಲ್ಪ ಒಳಗಿನ ಮಾತು ಹೇಳುತ್ತೇನೆ.

ಎಂಟನೇ ಕ್ಲಾಸಿನ ತನಕ ಮಕ್ಕಳಿಗೆ ಕಾನೂನಿನ ಆಸರೆ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಒಂದರಿಂದ ಎಂಟರ ತನಕ ಯಾವ ಮಗುವನ್ನೂ ಅದೇ ಕ್ಲಾಸಲ್ಲಿ ಕೂರಿಸುವ ಹಾಗಿಲ್ಲ, ಶಾಲೆಯಿಂದ ತೆಗೆಯುವ ಹಾಗೂ ಇಲ್ಲ ಅಂತ ಅದು ಹೇಳಿತು. 2019ರಲ್ಲಿ ತಿದ್ದುಪಡಿ ಆಯಿತು. ಐದು ಮತ್ತು ಎಂಟಕ್ಕೆ ಪರೀಕ್ಷೆ ಇಡಬೇಕು. ನಪಾಸಾದ ಮಗುವಿಗೆ ಹೆಚ್ಚಿನ ಪಾಠ ಹೇಳಿ, ಎರಡು ತಿಂಗಳ ಒಳಗೆ ಇನ್ನೊಂದು ಪರೀಕ್ಷೆ ಕೊಡಬೇಕು. ಅದರಲ್ಲೂ ಆಗದಿದ್ದರೆ ಮಾತ್ರ ಹಿಂದೆ ಉಳಿಸಲು ಸರ್ಕಾರ ಬಿಡಬಹುದು. ಶಾಲೆಯಿಂದ ತೆಗೆಯುವುದು ಆಗಲೂ ಇಲ್ಲ. ನಮ್ಮ ರಾಜ್ಯದಲ್ಲಿ 2023ರಲ್ಲಿ ಐದು, ಎಂಟಕ್ಕೆ ಮಂಡಳಿಯಿಂದ ಮೌಲ್ಯಾಂಕನ ನಡೆಯಿತು. ಆಗಲೂ ಯಾರನ್ನೂ ನಪಾಸು ಮಾಡುವುದಿಲ್ಲ ಅಂತ ಇಲಾಖೆಯೇ ಹೇಳಿತ್ತು. 2024ರಲ್ಲಿ ಒಂಬತ್ತನ್ನೂ ಸೇರಿಸಿದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಫಲಿತಾಂಶಕ್ಕೆ ತಡೆ ಬಿತ್ತು.

ಒಂಬತ್ತಕ್ಕೆ ಮಾತ್ರ ಆ ಆಸರೆ ಇಲ್ಲ. ಶಾಲೆಯ ವಾರ್ಷಿಕ ಪರೀಕ್ಷೆ, ಶಾಲೆಯದೇ ತೀರ್ಮಾನ. ಹಾಗಾಗಿ ಎಂಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನೆಲ್ಲ ಒಂಬತ್ತನೇ ವರ್ಷ ಒಮ್ಮೆಲೇ ಮಗುವಿನ ಮುಂದೆ ಇಡುತ್ತಾರೆ. ಆರನೇ ಕ್ಲಾಸಲ್ಲಿ ಭಿನ್ನರಾಶಿ ತಿಳಿಯದೆ ಹೋಗಿದ್ದು ಆರರಲ್ಲೇ ಯಾರಾದರೂ ನೋಡಬೇಕಿತ್ತು ಅಲ್ವಾ?

ಹಿಂದೆ ನಪಾಸು ಮಾಡುತ್ತಿದ್ದರು, ಆಗ ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದರು ಅನ್ನುವವರು ಬಹಳ ಜನ. ನಾನು ಸೇವೆಗೆ ಸೇರಿದಾಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ನಮ್ಮ ಶಾಲೆಯ ಒಬ್ಬ ಹುಡುಗ ಗಣಿತದಲ್ಲಿ ಹೋದ. ಮತ್ತೆ ಕಟ್ಟಿಸಿದೆವು, ಮತ್ತೆ ಹೋದ. ಮೂರನೇ ಸಲ ಅವನು ಬರಲೇ ಇಲ್ಲ, ಕುರಿ ಹಿಂದೆ ಹೋದ. ಎರಡನೇ ವರ್ಷ ಅವನಿಗೆ ನಾವು ಹೊಸದಾಗಿ ಏನು ಹೇಳಿಕೊಟ್ಟೆವು ಅಂತ ಈಗ ಕೇಳಿಕೊಂಡರೆ ನನ್ನ ಹತ್ತಿರ ಉತ್ತರ ಇಲ್ಲ. ಅದೇ ಪುಸ್ತಕ, ಅದೇ ಬೋರ್ಡು, ಅದೇ ನಾನು. ಅವನು ಒಂದು ವರ್ಷ ದೊಡ್ಡವನಾಗಿದ್ದ, ಸಣ್ಣ ಹುಡುಗರ ನಡುವೆ ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ. ಆ ತಪ್ಪು ನನ್ನದೂ ಹೌದು.

ಅದಕ್ಕೇ ಮುಖ್ಯಗುರು ಆದ ಮೇಲೆ ಒಂದು ಪದ್ಧತಿ ಇಟ್ಟೆ. ಪಾಸಿಗೆ ಬೇಕಾದ 35ಕ್ಕೆ ಮುಟ್ಟದ ಪ್ರತಿ ಮಗುವಿನ ಉತ್ತರ ಪತ್ರಿಕೆಯನ್ನು ಮೀಟಿಂಗ್‌ಗೆ ತರಬೇಕು. ಅಂಕದ ಪಟ್ಟಿ ಒಂದೇ ಸಾಲದು. ಒಂದು ವರ್ಷ ಗಣಿತದಲ್ಲಿ 22 ತಗೊಂಡ ಹುಡುಗಿಯ ಪತ್ರಿಕೆ ಬಂತು. (x−3)(x−4) ಬಿಡಿಸು ಅಂತ ಲೆಕ್ಕ. ಅವಳು x²−7x−12 ಅಂತ ಬರೆದಿದ್ದಳು. ನಡುವಿನ −7x ಸರಿಯಾಗಿದೆ ನೋಡು, ಅದು ಸುಮ್ನೆ ಬರುವುದಿಲ್ಲ. ಮೈನಸ್ ಮೂರನ್ನು ಮೈನಸ್ ನಾಲ್ಕರಿಂದ ಗುಣಿಸಿದರೆ ಪ್ಲಸ್ ಆಗುತ್ತದೆ ಅನ್ನುವುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಪತ್ರಿಕೆ ತಿರುವಿ ಹಾಕಿದರೆ ಐದು ಕಡೆ ಅದೇ ತಪ್ಪು. ಎಲ್ಲ ಕಡೆ ಕೆಂಪು ಗೀಟು, ಸೊನ್ನೆ. ಗಣಿತದ ಮೇಡಂ ಆ ಪತ್ರಿಕೆ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತರು. ಮೇ ತಿಂಗಳಲ್ಲಿ ಬೆಳಿಗ್ಗೆ ಏಳರಿಂದ ಎಂಟು, ಹದಿನೈದು ದಿನ ಅವಳನ್ನು ಕರೆಸಿ ಚಿಹ್ನೆಗಳನ್ನಷ್ಟೇ ಮಾಡಿಸಿದರು. ಮತ್ತೆ ಪರೀಕ್ಷೆ ಕೊಟ್ಟೆವು. 47 ತಗೊಂಡಳು.

ಎಲ್ಲ ಮಕ್ಕಳೂ ಹೀಗೇ ಅಂತ ಹೇಳಲಾರೆ. ಕೆಲವರ ಪತ್ರಿಕೆ ಪೂರ್ತಿ ಖಾಲಿ ಇರುತ್ತದೆ. ಅದು ಬೇರೆ ಕಥೆ, ಅದಕ್ಕೆ ಹದಿನೈದು ದಿನ ಸಾಲುವುದಿಲ್ಲ. ಆದರೆ ಯಾವುದು ಯಾವ ಕಥೆ ಅಂತ ತಿಳಿಯಬೇಕಾದರೆ ಪತ್ರಿಕೆ ನೋಡಲೇಬೇಕು.

ಹಾಗಾಗಿ ನೀನು ಶಾಲೆಗೆ ಹೋಗು, ಮಗನನ್ನೂ ಕರೆದುಕೊಂಡು ಹೋಗು. ಗಣಿತ, ವಿಜ್ಞಾನದ ಉತ್ತರ ಪತ್ರಿಕೆ ತೋರಿಸಿ ಅಂತ ಕೇಳು. ಮರುಪರೀಕ್ಷೆ ಕೊಡಿ ಅಂತ ಒಂದು ಕಾಗದ ಬರೆದು ಕೊಡು, ನಕಲಿನ ಮೇಲೆ ಶಾಲೆಯ ಸೀಲ್ ಹಾಕಿಸಿಕೋ. ಜಗಳ ಆಡಬೇಡ, ಧ್ವನಿ ಏರಿಸಬೇಡ. ‘ಇಲ್ಲಿದ್ದರೆ ನಪಾಸು, ಹೋದರೆ ಪಾಸು’ ಅನ್ನುವ ಮಾತನ್ನು ಬರಹದಲ್ಲಿ ಕೊಡಿ ಅಂತ ಮೆಲ್ಲಗೆ ಕೇಳು. ಕೊಡುವುದಿಲ್ಲ. ಕೊಡಲು ಬರುವುದೂ ಇಲ್ಲ. ಹುಡುಗನಿಗೆ ಹತ್ತನೇ ಕ್ಲಾಸಿಗೆ ಹೋಗುವಷ್ಟು ಬರುತ್ತದೆ ಅಂತ ಟಿ.ಸಿ.ಯಲ್ಲಿ ಬರೆಯಲು ಅವರು ತಯಾರಿದ್ದರೆ, ತಮ್ಮ ಶಾಲೆಯ ಹತ್ತನೇ ಕ್ಲಾಸಿಗೇ ಯಾಕೆ ಹಾಕಬಾರದು? ಅಷ್ಟಕ್ಕೂ ಒಪ್ಪದಿದ್ದರೆ ಆ ಕಾಗದ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗು.

ಬೀದರ ಜಿಲ್ಲೆ ಭಾಲ್ಕಿಯ ಒಬ್ಬ ತಂದೆ

ಅಕ್ಕಾ, ನಾವು ಟಿ.ಸಿ. ತಗೊಂಡವರು. ಅದಕ್ಕೆ ಬರೆಯುತ್ತಿದ್ದೇನೆ.

ಮಗಳಿಗೆ ಒಂಬತ್ತರಲ್ಲಿ ಇಂಗ್ಲಿಷ್, ಗಣಿತ ಎರಡೂ ಹೋಗಿದ್ದವು. ನಮಗೂ ಇದೇ ಮಾತು ಹೇಳಿದರು. ನಾನು ಯೋಚನೆ ಮಾಡಲಿಲ್ಲ. ಪಾಸ್ ಅಂತ ಬರೆದ ಕಾಗದ ಕೈಯಲ್ಲಿದ್ದರೆ ಸಾಕು ಅಂದುಕೊಂಡೆ. ಅವತ್ತೇ ಸಹಿ ಹಾಕಿ, ಟಿ.ಸಿ. ತಗೊಂಡು, ಮಗಳಿಗೆ ಕುಲ್ಫಿ ಕೊಡಿಸಿ ಮನೆಗೆ ಕರೆದುಕೊಂಡು ಬಂದೆ. ಪಾಸಾದಳು ಅಂತ ಎಲ್ಲರಿಗೂ ಹೇಳಿದೆ.

ಕಷ್ಟ ಶುರುವಾಗಿದ್ದು ಜೂನ್‌ನಲ್ಲಿ. ಎರಡು ಶಾಲೆಯವರು ಸೀಟಿಲ್ಲ ಅಂದರು. ಸ್ಯಾಟ್ಸ್ ಅಂದರೆ ಇಲಾಖೆಯ ಕಂಪ್ಯೂಟರ್‌ನಲ್ಲಿ ಪ್ರತಿ ಮಗುವಿನ ದಾಖಲೆ, ಅದರ ನಂಬರ್ ಹಾಕಿ ನೋಡಿದರೆ ಹಳೇ ಮಾರ್ಕ್ಸ್ ಅವರಿಗೆ ಕಾಣುತ್ತದೆ, ಅದು ನನಗೆ ಗೊತ್ತಿರಲಿಲ್ಲ. ಕೊನೆಗೆ ಮನೆಯಿಂದ ಏಳು ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಯಲ್ಲಿ ಸೇರಿಸಿದೆವು. ಅಲ್ಲಿ ಮೊದಲ ವಾರ ಸೇತುಬಂಧ ಅಂತ ಹಿಂದಿನ ಕ್ಲಾಸಿನ ಪಾಠದ ಮೇಲೆ ಒಂದು ಟೆಸ್ಟ್ ಮಾಡುತ್ತಾರೆ. ಅದರಲ್ಲೇ ಎಲ್ಲ ಗೊತ್ತಾಯಿತು.

ಆದರೆ ಆ ಶಾಲೆಯ ಸರ್ ಬಗ್ಗೆ ಹೇಳಲೇಬೇಕು. ನನ್ನನ್ನು ಕರೆಸಿ, ‘ಇವಳಿಗೆ ಇಂಗ್ಲಿಷ್ ಓದೋಕೆ ಬರುತ್ತೆ, ಅರ್ಥ ಆಗಲ್ಲ. ಗಣಿತ ಐದನೇ ಕ್ಲಾಸಿಂದ ಶುರು ಮಾಡಬೇಕು. ನೀವು ಮನೆಯಲ್ಲಿ ಬೈಬೇಡಿ, ಅಷ್ಟು ಮಾಡಿ ಸಾಕು’ ಅಂದರು. ಸಂಜೆ ಬಸ್ ತಪ್ಪುತ್ತದೆ ಅಂತ ಮಧ್ಯಾಹ್ನದ ಊಟದ ಹೊತ್ತಲ್ಲಿ ಕೂರಿಸಿ ಹೇಳಿಕೊಟ್ಟರು. ಎಸ್ಸೆಸ್ಸೆಲ್ಸಿಯ ಮೊದಲ ಅವಕಾಶ ಪರೀಕ್ಷೆ-1ರಲ್ಲಿ ಮಗಳು ಗಣಿತದಲ್ಲಿ ಹೋದಳು. ಪರೀಕ್ಷೆ-2ರಲ್ಲಿ ಪಾಸಾದಳು. ಈಗ ಬೀದರಿನಲ್ಲಿ ಪಿಯುಸಿ ಕಲಾ ವಿಭಾಗ ಓದುತ್ತಿದ್ದಾಳೆ.

ಹಾಗಾದರೆ ಟಿ.ಸಿ. ತಗೊಂಡಿದ್ದು ಒಳ್ಳೆಯದೇ ಆಯಿತಲ್ಲ ಅಂತ ನೀವು ಕೇಳಬಹುದು. ಒಳ್ಳೆಯ ಮಾಸ್ತರು ಸಿಕ್ಕಿದ್ದು ನಮ್ಮ ಪುಣ್ಯ. ಆದರೆ ಒಂದು ವಿಷಯ ನನಗೆ ಇನ್ನೂ ಚುಚ್ಚುತ್ತದೆ. ಆರು ವರ್ಷ ಜೊತೆಗಿದ್ದ ಗೆಳತಿಯರನ್ನು ಮಗಳು ಒಂದೇ ದಿನಕ್ಕೆ ಕಳೆದುಕೊಂಡಳು. ‘ಪಪ್ಪಾ, ನಾನು ಅಲ್ಲಿ ಬ್ಯಾಡ ಆಗಿದ್ದೆ ಅಲ್ಲಾ?’ ಅಂತ ಒಂದು ರಾತ್ರಿ ಕೇಳಿದಳು. ನಾನು ಏನೂ ಹೇಳಲಿಲ್ಲ. ಬೇರೆ ಶಾಲೆಗೆ ಕಳಿಸುವುದಾದರೆ ಅಲ್ಲಿನ ಗಣಿತದ ಮಾಸ್ತರನ್ನು ಮೊದಲು ನೋಡಿ ಬನ್ನಿ ಅಕ್ಕಾ. ಕಟ್ಟಡ ಆಮೇಲೆ ನೋಡಿದರೂ ನಡೆಯುತ್ತದೆ.

ಯಾದಗಿರಿಯ ಒಬ್ಬ ನರ್ಸ್

ಪಾಸ್, ಫೇಲ್ ವಿಷಯ ತಿಳಿದವರು ಹೇಳುತ್ತಾರೆ. ಮಗ ಎರಡು ದಿನದಿಂದ ಮಾತಾಡುತ್ತಿಲ್ಲ ಅಂದಿರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಇವತ್ತು ರಾತ್ರಿ ಅವನ ಪಕ್ಕ ಕೂತುಕೊಳ್ಳಿ. ಮಾರ್ಕ್ಸ್ ಮಾತು ಬೇಡ, ಅವರಿವರ ಮಕ್ಕಳ ಮಾತೂ ಬೇಡ. ‘ಏನಾದರೂ ಆಗಲಿ, ನೀನು ನಮ್ಮ ಮಗ’ ಅಂತ ಬಾಯಿಬಿಟ್ಟು ಹೇಳಿ. ಮನಸ್ಸಲ್ಲಿದ್ದರೆ ಸಾಲದು, ಮಕ್ಕಳಿಗೆ ಕೇಳಿಸಬೇಕು. ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾನೆ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಿಸಲ್ಟ್ ಬರುವ ದಿನಗಳಲ್ಲಿ ನಾವು ವಾರ್ಡಿನಲ್ಲಿ ನೋಡುವ ಮಕ್ಕಳನ್ನು ನೆನೆಸಿಕೊಂಡು ಹೇಳುತ್ತಿದ್ದೇನೆ, ತಡ ಮಾಡಬೇಡಿ.

ಸೇಡಂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ

ಮೇಡಂ, ಶಾಲೆಗಳು ಯಾಕೆ ಹೀಗೆ ಮಾಡುತ್ತವೆ ಅಂತ ಹೇಳುತ್ತೇನೆ. ಮಾಡುವುದು ಸರಿ ಅಂತ ಹೇಳುತ್ತಿಲ್ಲ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ. 42.43. ರಾಜ್ಯಕ್ಕೇ ಕೊನೆ. ಇಡೀ ರಾಜ್ಯದ್ದು ಶೇ. 66.14 ಇತ್ತು. ಅದರ ಹಿಂದಿನ ವರ್ಷ ಯಾದಗಿರಿ ಕೊನೆಯಲ್ಲಿತ್ತು, ಶೇ. 50.59. ಫಲಿತಾಂಶ ಬಂದ ದಿನದಿಂದ ಮೀಟಿಂಗ್ ಮೇಲೆ ಮೀಟಿಂಗ್. ನಿಮ್ಮ ಶಾಲೆಯದು ಎಷ್ಟು, ಯಾಕೆ ಇಳಿಯಿತು, ಈ ಸಲ ಎಷ್ಟು ತರುತ್ತೀರಿ. ಎಲ್ಲರೂ ಕೇಳುವುದು ಹತ್ತನೇ ಕ್ಲಾಸಿನ ಶೇಕಡಾವಾರು. ಒಂಬತ್ತರಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟು ಹೋದರು ಅಂತ ಯಾವ ಮೀಟಿಂಗ್‌ನಲ್ಲೂ ನನ್ನನ್ನು ಯಾರೂ ಕೇಳಿಲ್ಲ. ಹಾಗಾಗಿ ನಿಧಾನವಾಗಿ ಕಲಿಯುವ ಮಗುವನ್ನು ಒಂಬತ್ತರಲ್ಲೇ ತಡೆದರೆ ಶಾಲೆಯ ಶೇಕಡಾ ಏರುತ್ತದೆ. ಖಾಸಗಿ ಶಾಲೆಯಲ್ಲಿ ಅದರ ಮೇಲೆ ಮುಂದಿನ ವರ್ಷದ ಅಡ್ಮಿಷನ್ ನಿಂತಿರುತ್ತದೆ. ಬ್ಯಾನರ್‌ನಲ್ಲಿ ‘ನೂರಕ್ಕೆ ನೂರು’ ಅಂತ ಹಾಕಬೇಕಲ್ಲ.

ಸರ್ಕಾರಿ ಶಾಲೆಯವರು ನಾವು ಬಂದ ಮಗುವನ್ನು ಬೇಡ ಅನ್ನುವುದಿಲ್ಲ. ಕಳೆದ ಜೂನ್‌ನಲ್ಲಿ ನಮ್ಮ ಹತ್ತನೇ ಕ್ಲಾಸಿಗೆ ಹೀಗೆ ಟಿ.ಸಿ. ಹಿಡಿದು ಏಳು ಮಕ್ಕಳು ಬಂದರು. ಏಳರಲ್ಲಿ ಐದು ಜನಕ್ಕೆ ಮೈನಸ್ ಚಿಹ್ನೆ, ಭಾಗಾಕಾರ ಬರುತ್ತಿರಲಿಲ್ಲ. ಆ ಮಕ್ಕಳ ತಪ್ಪು ಏನಿದೆ ಹೇಳಿ.

ಈಗ ನಿಮ್ಮ ಮಗನ ಲೆಕ್ಕಕ್ಕೆ ಬರೋಣ. ಎಸ್ಸೆಸ್ಸೆಲ್ಸಿಗೆ ಮೊದಲು ಶೇ. 35 ಬೇಕಿತ್ತು. 2025-26ರಿಂದ ಅದನ್ನು ಇಳಿಸಿದ್ದಾರೆ. ಒಟ್ಟು 625ಕ್ಕೆ 206 ಬರಬೇಕು, ಅಂದರೆ ಶೇ. 33. ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಇರಬೇಕು. ನೂರಕ್ಕೆ 20 ಆಂತರಿಕ ಅಂಕ, ಉಳಿದ 80 ಲಿಖಿತ. ಮೂರು ಪರೀಕ್ಷೆಗಳ ಅವಕಾಶ 2024ರಿಂದ ಇದೆ. ನಿಮ್ಮ ಮಗನಿಗೆ ಬಂದಿರುವುದು 24 ಮತ್ತು 29. ಒಂದರಲ್ಲಿ ಆರು ಅಂಕ, ಇನ್ನೊಂದರಲ್ಲಿ ಒಂದು ಅಂಕ ಕಡಿಮೆ. ಇಂಥ ಮಗುವಿನ ಒಂದು ವರ್ಷ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಬರೀ ಆರು ಅಂಕ ತಾನೇ ಅಂತ ಕೈಬಿಟ್ಟು ಕೂತರೆ ಮಾತ್ರ ಮುಂದಿನ ವರ್ಷ ಅದು ಹದಿನಾರು ಆಗುತ್ತದೆ. ಹತ್ತನೇ ಕ್ಲಾಸಿನ ಗಣಿತ ಒಂಬತ್ತರ ಮೇಲೇ ನಿಂತಿದೆ.

ಇನ್ನೊಂದು ಮಾತು. ‘ಶಾಲೆಗೇ ಬರೋದು ಬೇಡ, ಖಾಸಗಿ ಅಭ್ಯರ್ಥಿಯಾಗಿ ಹತ್ತನೇದು ಕಟ್ಟಿಸ್ತೀವಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹದಿನೈದು ತುಂಬಿದವರು ಹಾಗೆ ಕಟ್ಟಬಹುದು, ನಿಜ. ಆದರೆ ಶಾಲೆಯಲ್ಲಿ ಕೂತು ಕಲಿಯಬೇಕಾದ ಹುಡುಗ ಮನೆಯಲ್ಲಿ ಕೂತು ಏನು ಕಲಿಯುತ್ತಾನೆ?

ಔರಾದ್‌ನ ಒಬ್ಬ ತಾಯಿ

ನಮ್ಮದು ಉಲ್ಟಾ ಕಥೆ. ಮಗಳನ್ನು ಐದನೇ ಕ್ಲಾಸಲ್ಲೇ ಇನ್ನೊಂದು ವರ್ಷ ಇಟ್ಟುಕೊಳ್ಳಿ ಅಂತ ನಾನೇ ಶಾಲೆಗೆ ಹೋಗಿ ಕೇಳಿದೆ. ಮನೆಯಲ್ಲಿ ನಾವು ಮರಾಠಿ ಮಾತಾಡುತ್ತೇವೆ, ಅವಳು ಕನ್ನಡ ಶಾಲೆಗೆ ಹೋಗುತ್ತಾಳೆ. ‘ಮನೆ’, ‘ಮರ’, ‘ಶಾಲೆ’ ಚೆನ್ನಾಗಿ ಓದುತ್ತಿದ್ದಳು. ‘ವಿದ್ಯಾರ್ಥಿ’ ಬಂತು ಅಂದರೆ ‘ವಿದಾ’ ಅಂತ ಹೇಳಿ ನಿಂತುಬಿಡುತ್ತಿದ್ದಳು. ಒತ್ತಕ್ಷರ, ಅರ್ಕಾವತ್ತು ಯಾವುದೂ ಬರುತ್ತಿರಲಿಲ್ಲ.

ಐದರಲ್ಲಿ ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ ಅಂದರು ಮೇಡಂ. ನನಗೆ ಸಿಟ್ಟು ಬಂತು. ಆದರೆ ಅವರು ಆರನೇ ಕ್ಲಾಸಿಗೆ ಹಾಕಿದ ಮೇಲೂ ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಅವಳನ್ನು ನಾಲ್ಕನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿ ಓದಿಸಿದರು. ಉಳಿದ ಹೊತ್ತು ತನ್ನ ಓರಗೆಯವರ ಜೊತೆ. ದೀಪಾವಳಿ ಹೊತ್ತಿಗೆ ಬಸ್ಸಿನ ಬೋರ್ಡು ಓದಲು ಶುರು ಮಾಡಿದಳು. ಅದೇ ಕ್ಲಾಸಲ್ಲಿ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ, ಯಾಕಂದರೆ ಐದನೇ ಕ್ಲಾಸಲ್ಲಿ ಒತ್ತಕ್ಷರ ಯಾರೂ ಹೇಳಿಕೊಡುವುದಿಲ್ಲ.

ಚಿತ್ತಾಪುರ ತಾಲ್ಲೂಕಿನ ತಾಂಡಾದ ಯುವಕ

ಅಕ್ಕಾ, ಎಲ್ಲರೂ ಕೂರಿಸಬೇಡಿ ಅಂತಿದ್ದಾರೆ. ನಾನು ಒಂಬತ್ತನ್ನು ಎರಡು ಸಲ ಓದಿದವನು. ನನಗೆ ಅದರಿಂದ ಒಳ್ಳೆಯದಾಯಿತು. ಯಾಕೆ ಅಂತ ಹೇಳುತ್ತೇನೆ, ನಿಮ್ಮ ಮಗನಿಗೆ ಹೊಂದುತ್ತದಾ ನೋಡಿ.

ನಮ್ಮಪ್ಪ ಅವ್ವ ಪ್ರತಿ ವರ್ಷ ದಸರಾ ಮುಗಿದ ಮೇಲೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಿದ್ದರು. ಬರುವುದು ಹೋಳಿ ಹೊತ್ತಿಗೆ. ಒಂಬತ್ತನೇ ಕ್ಲಾಸಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ತಮ್ಮನನ್ನು ನೋಡಿಕೊಳ್ಳುವುದು, ಕಬ್ಬಿನ ಗಾಡಿಗೆ ಎತ್ತು ಕಟ್ಟುವುದು ನನ್ನ ಕೆಲಸ. ವಾಪಸ್ ಬಂದಾಗ ವಾರ್ಷಿಕ ಪರೀಕ್ಷೆಗೆ ಹನ್ನೆರಡು ದಿನ ಇತ್ತು. ನಾಲ್ಕು ವಿಷಯದಲ್ಲಿ ಹೋದೆ.

ನಮ್ಮ ಸರ್ ಅಪ್ಪನನ್ನು ಕರೆಸಿದರು. ‘ಇವನಿಗೆ ತಲೆ ಇಲ್ಲದೆ ಹೋಗಿಲ್ಲ. ಅರ್ಧ ವರ್ಷ ಪಾಠನೇ ಕೇಳಿಲ್ಲ. ಹತ್ತಕ್ಕೆ ಹಾಕಿದರೆ ಮುಂದಿನ ಸಲ ಮತ್ತೆ ಕಬ್ಬಿಗೆ ಕರ್ಕೊಂಡು ಹೋಗ್ತೀರಿ, ಹಾಜರಾತಿ 75 ಪರ್ಸೆಂಟ್ ಇಲ್ಲ ಅಂತ ಪರೀಕ್ಷೆಗೇ ಕೂರಿಸಲ್ಲ’ ಅಂದರು. ಅಪ್ಪನ ಮುಂದೆ ಒಂದು ಷರತ್ತು ಇಟ್ಟರು. ಒಂಬತ್ತು ಮತ್ತೆ ಓದಲಿ, ಆದರೆ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್‌ನಲ್ಲಿ ಇದ್ದು ಓದಲಿ. ಫಾರಂ ಅವರೇ ತುಂಬಿದರು, ಜಾತಿ ಪ್ರಮಾಣ ಪತ್ರಕ್ಕೆ ನಮ್ಮ ಜೊತೆ ಅವರೇ ಬಂದರು.

ಮೊದಲ ತಿಂಗಳು ನಾಚಿಕೆಯಿಂದ ಸತ್ತಂಗಾಗಿತ್ತು. ನನಗಿಂತ ಸಣ್ಣವರು ಹೆಸರು ಹಿಡಿದು ಕರೆಯುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. ಆ ವರ್ಷ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಎಸ್ಸೆಸ್ಸೆಲ್ಸಿ ಮೊದಲ ಸಲಕ್ಕೇ ಪಾಸಾದೆ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಈಗ ವಾಡಿಯಲ್ಲಿ ಕೆಲಸದಲ್ಲಿದ್ದೇನೆ.

ನನ್ನ ವಿಷಯದಲ್ಲಿ ಎರಡನೇ ವರ್ಷ ಮೊದಲನೇ ವರ್ಷದ ಹಾಗೆ ಇರಲಿಲ್ಲ. ಹಾಸ್ಟೆಲ್ ಸಿಕ್ಕಿತು, ರಾತ್ರಿ ಓದೋಕೆ ಲೈಟ್ ಸಿಕ್ಕಿತು, ಕಬ್ಬು ತಪ್ಪಿತು. ನಿಮ್ಮ ಮಗ ವರ್ಷ ಪೂರ್ತಿ ಶಾಲೆಗೆ ಹೋಗಿದ್ದಾನೆ ಅನ್ನಿಸುತ್ತದೆ. ಮತ್ತೆ ಕೂರಿಸಿದರೆ ಅವನಿಗೆ ಹೊಸದಾಗಿ ಏನು ಕೊಡುತ್ತೀರಿ ಅಂತ ಶಾಲೆಯವರನ್ನು ಕೇಳಿ. ಅವರ ಹತ್ತಿರ ಹೇಳೋಕೆ ಏನಾದರೂ ಇದ್ದರೆ ಯೋಚಿಸಿ. ಇಲ್ಲ ಅಂದರೆ ಬೇಡ.

ಕೇಳಿದವರು: ಕಲಬುರಗಿಯ ತಾಯಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೊಂದನ್ನೂ ಮನೆಯವರಿಗೆ ಓದಿ ಹೇಳಿದೆ. ಭಾಲ್ಕಿಯ ಅಣ್ಣ ಬರೆದದ್ದು ಕೇಳಿ ಅವರು ಸುಮ್ಮನಾದರು. ನಿನ್ನೆ ಮೂವರೂ ಶಾಲೆಗೆ ಹೋಗಿದ್ದೆವು.

ಪತ್ರಿಕೆ ಮನೆಗೆ ಕೊಡುವುದಿಲ್ಲ ಅಂದರು, ಅಲ್ಲೇ ಕೂತು ನೋಡಿ ಅಂದರು. ನನಗೆ ಗಣಿತ ತಿಳಿಯುವುದಿಲ್ಲ. ಮಗನೇ ಹಾಳೆ ತಿರುವಿ ತೋರಿಸಿದ. ಮೊದಲ ನಾಲ್ಕು ಪುಟ ಬರೆದಿದ್ದಾನೆ, ಬಹಳ ಕಡೆ ಅರ್ಧ ಸರಿ ಇದೆ. ರೇಖಾಗಣಿತದ ಪುಟಗಳು ಪೂರ್ತಿ ಖಾಲಿ. ಯಾಕೋ ಇಷ್ಟು ಖಾಲಿ ಅಂತ ಕೇಳಿದೆ. ಆಗ ಹೇಳಿದ, ಡಿಸೆಂಬರ್‌ನಲ್ಲಿ ಗಣಿತದ ಸರ್ ಕೆಲಸ ಬಿಟ್ಟು ಹೋದರಂತೆ, ಆ ಪಾಠಗಳನ್ನು ಯಾರೂ ಮಾಡಲೇ ಇಲ್ಲವಂತೆ. ಪಕ್ಕದಲ್ಲಿ ನಿಂತಿದ್ದ ವಿಜ್ಞಾನದ ಟೀಚರ್ ತಲೆ ತಗ್ಗಿಸಿದರು. ಇಷ್ಟು ದಿನ ನನ್ನ ಮಗ ಓದುವುದಿಲ್ಲ ಅಂತ ನಾನು ಅವನನ್ನು ಬೈದಿದ್ದೆ.

ಶಹಾಪುರದ ಸರ್ ಹೇಳಿದ ಹಾಗೆ ಕಾಗದ ಬರೆದುಕೊಂಡು ಹೋಗಿದ್ದೆ. ಬರಹದಲ್ಲಿ ಕೊಡಿ ಅಂದ ಕೂಡಲೇ ಮುಖ್ಯಗುರುಗಳ ಧ್ವನಿ ಬದಲಾಯಿತು. ‘ಅದೆಲ್ಲ ಯಾಕಮ್ಮ, ಕೂಡ್ರಿ’ ಅಂದರು. ಅರ್ಧ ಗಂಟೆ ಒಳಗೆ ಹೊರಗೆ ಓಡಾಡಿದರು. ಕೊನೆಗೆ ಮೇ ಕೊನೆಯ ವಾರದಲ್ಲಿ ಎರಡೂ ವಿಷಯಕ್ಕೆ ಮರುಪರೀಕ್ಷೆ ಕೊಡುತ್ತೇವೆ, ಪಾಸಾದರೆ ಇಲ್ಲೇ ಹತ್ತಕ್ಕೆ ಹಾಕುತ್ತೇವೆ ಅಂತ ನನ್ನ ಕಾಗದದ ಕೆಳಗೇ ಬರೆದು ಸೀಲ್ ಹಾಕಿದರು. ಇನ್ನೂ ಮೂವರು ಮಕ್ಕಳ ತಂದೆ ತಾಯಿಗೆ ಇದನ್ನು ತಿಳಿಸಿದ್ದೇನೆ, ಅವರೂ ನಾಳೆ ಹೋಗುತ್ತಾರೆ.

ನಾಪಾಸಾದರೆ ಏನು ಮಾಡುವುದು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಬಹುಶಃ ಮನೆ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಗಣಿತದ ಮಾಸ್ತರನ್ನು ನೋಡಿ ಬರುತ್ತೇನೆ. ಸದ್ಯ ಮೈನಸ್ ಲೆಕ್ಕ ನನ್ನ ಅಣ್ಣನೇ ಹೇಳಿಕೊಡುತ್ತಿದ್ದಾನೆ. ರೇಖಾಗಣಿತ ಅವನಿಗೂ ಮರೆತುಹೋಗಿದೆ. ಹುಮನಾಬಾದ್ ಬೇಸ್ ಕಡೆ ಒಂಬತ್ತನೇ ಕ್ಲಾಸಿನ ತ್ರಿಭುಜ, ವೃತ್ತದ ಪಾಠ ಹೇಳಿಕೊಡುವವರು ಯಾರಾದರೂ ಇದ್ದರೆ ತಿಳಿಸಿ. ಮಧ್ಯಾಹ್ನ ಈ ಬಿಸಿಲಿಗೆ ಹೊರಗೆ ಕಳಿಸೋಕೆ ಆಗುವುದಿಲ್ಲ. ಬೆಳಿಗ್ಗೆ ಎಂಟರ ಒಳಗೆ ಆದರೆ ನಾನೇ ಕರೆದುಕೊಂಡು ಬರುತ್ತೇನೆ.